ಇವತ್ತಿನ ಕಲೆಕ್ಷನ್

ಹೊಂಬಳದ ಕೊನೆ ಟ್ರಿಪ್ ಮುಗಿಸಿ,
ಡಿಪೋದಾಗ ರೊಕ್ಕ ತುಂಬಿ
ಬೆಟಗೇರಿ ಮನಿ ಮುಟ್ಟಿದಾಗ
ಬಾಜೂ ಮನಿ ಮಗ್ಗ ನಿಂತಿತ್ತು.
ದಾನಿ ಮಲಗಿಲ್ಲ. ಕೌದ್ಯಾಗಿಂದ ಬರೇ ಮೂಗು.

“ಇವತ್ತಿನ ಕಲೆಕ್ಷನ್ ಎಷ್ಟವಾ?”

ಬೂಟಿನ ಲೇಸು ನಾನ ಕಟ್ಟಿದೆ, ಒಂದು.
ಪ್ರಾರ್ಥನಾದಾಗ ಬಿಚ್ಚಿತು. ಆದ್ರೂ ಒಂದು.
ಏಳರ ಮಗ್ಗಿ ನಲವತ್ತೊಂಬತ್ತರ ತನಕಾ.
ಮುಂದ?
ಮುಂದ ಗಂಟಿ ಹೊಡೀತು.

ಆಮ್ಯಾಲೆ, ಗ್ವಾಡಿ ಕಡೆ ಹೊಳ್ಳಿ:
ರೇಷ್ಮಾನ ರಬ್ಬರ್ ನನ್ನ ಕಂಪಾಸಿನ್ಯಾಗ ಐತಿ.
ಕೇಳಿ ತಂದಿಲ್ಲ.
ಇದನ್ನ ಎದರಾಗ ಬರ್ಕೋತಿ, ಪಪ್ಪಾ?

ನನ್ನ ಅಂಗಿ ಕಿಸೆದಾಗ
ಹನ್ನೆರಡು ರೂಪಾಯಿ.
ಟಿಕೀಟಿನ ಹಿಂದ ನಾನ ಬರದಿದ್ದೆ,
ಅಜ್ಜ ಇಳಿದು ಹೊಲದ ದಾರಿ ಹಿಡದ ಮ್ಯಾಲೆ
ನೆನಪಾತು.

“ಬಾಕಿ ಅಂತ ಬರೀತೀನಿ,” ಅಂದೆ, “ಇಬ್ಬರದೂ.”
ಆಕಿ ಬೆರಳು ಬಿಚ್ಚಿ ಮತ್ತ ಎಣಿಸಾಕ ಹತ್ತಿದ್ಲು,
ಲೇಸಿನ ಹತ್ತರನ ನಿದ್ದಿ ಬಂತು.