ವತ್ಸಲಾ ಮಾವಶಿಯ ಅಳತೆ

ಶನಿವಾರ ಪೇಠೆಯ ನಮ್ಮ ಮನೆಯ ಕೆಳಗೊಂದು ಮನೆ.
ಹನ್ನೊಂದು ಮೆಟ್ಟಿಲು, ಒಂದೇ ಬಾಗಿಲು,
ಹಗಲಿಡೀ ಟ್ಯೂಬ್‌ಲೈಟು.
ಅಲ್ಲಿ ವ್ಯಾಪಾರಿಗಳ ಕೆಂಪು ವಹಿ ಹೊಲಿಯುತ್ತೇವೆ:
ಪೋಪಟ ಕತ್ತರಿಸುತ್ತಾನೆ, ನಸೀಮಾ ದಾರ ಎಳೆಯುತ್ತಾಳೆ,
ವತ್ಸಲಾ ಮಾವಶಿ ಮೂವತ್ತು ವರ್ಷದಿಂದ ಹಾಳೆ ಮಡಿಸುತ್ತಾಳೆ,
ನಾನು ಅಂಟು ಕುದಿಸುತ್ತೇನೆ, ಲೆಕ್ಕ ಬರೆಯುತ್ತೇನೆ.

ಹೋದ ದೀಪಾವಳಿಗೆ ಎಂಟು ದಿನ ಮುಂಚೆ
ಮೆಟ್ಟಿಲ ಬುಡದ ಮೀಟರ್ ಪೆಟ್ಟಿಗೆ ಸುಟ್ಟಿತು.
ಬೆಂಕಿ ಅಂಗೈಯಷ್ಟು.
ಹೊಗೆ ಮನೆಯಷ್ಟು.
ಒಬ್ಬರ ಸೆರಗು ಒಬ್ಬರು ಹಿಡಿದು ಮೇಲೆ ಬಂದೆವು.
ಎಣಿಸಿದೆ: ಮೂರು.
ಎದೆ ಧಸಕ್ಕೆಂದು ಮತ್ತೆ ಎಣಿಸಿದೆ.
ನನ್ನನ್ನೇ ಬಿಟ್ಟಿದ್ದೆ.

ಇನ್ನೊಂದು ದಾರಿ ಬೇಕು ಅಂದೆ ಆ ರಾತ್ರಿ.
ಅತ್ತೆ ತುತ್ತು ತಟ್ಟೆಗಿಳಿಸಿದರು:
"ಪಾನಶೇತ ಒಡೆದಾಗ ನೀನಿನ್ನೂ ಹುಟ್ಟಿರಲಿಲ್ಲ.
ಹೊಗೆ ಹೋಗಲೆಂದು ತೆರೆದಲ್ಲೇ
ನದಿ ಬರುತ್ತದೆ."
ನನ್ನಲ್ಲಿ ಉತ್ತರವಿರಲಿಲ್ಲ.
ಪಡಸಾಲೆಯ ಕಂಬದಲ್ಲಿ, ನನ್ನ ಭುಜದೆತ್ತರಕ್ಕೆ,
ಆ ವರ್ಷದ ಕೆಸರಿನ ಗೆರೆ ಇದೆ.
ಅದಕ್ಕೆ ಅವರು ಬಣ್ಣ ಬಳಿಯಗೊಡುವುದಿಲ್ಲ.

ಮಲಕಪ್ಪ ಬಂದ, ಇಂಡಿ ಕಡೆಯವ,
ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ
ಗೋಡೆಯ ಹತ್ತಿರ ಕನ್ನಡದಲ್ಲೇ ಮಾತಾಡುವವ.
ಬೆರಳ ಗಿಣ್ಣಿನಿಂದ ತಟ್ಟಿದ, ಕಿವಿಯಿಟ್ಟ.
"ಇಲ್ಲಿ ಹೊಡದ್ರ ತೊಲಿ ಅಂಜತೈತ್ರಿ.
ಇಲ್ಲಿ ಸುಮ್ಮನ ಐತಿ. ಇಲ್ಲೇ ತಗ್ಯೂಣು."
ಹೊರಗೆ ಸಂದಿಯಲ್ಲಿ ಬಾವಿಯಂಥ ಗುಂಡಿ,
ಸುತ್ತ ಮೊಣಕಾಲೆತ್ತರ ಕಟ್ಟೆ,
ತಳಕ್ಕೆ ಜಲ್ಲಿ, ಜಲ್ಲಿಯಡಿ ಕೊಳವೆ.
"ಮಳಿ ನೀರಿಗೆ ಇಷ್ಟು ಸಾಕ್ರಿ.
ಹೊಳೀನ ಬಂದ್ರ, ಅಮ್ಮಾರು ಅಂದದ್ದ ಖರೆ."
ಮರಾಠಿಯಲ್ಲಿ ಅತ್ತೆಗೆ ಹೇಳಿದೆ.
ಅವರು ಅವನಿಗೆ ಚಹಾ ಇಟ್ಟರು, ಅವತ್ತೇ ಮೊದಲು.

"ಕಿಡಕಿ ಎಷ್ಟು ದೊಡ್ಡದು?"
ನಾನು ಅಡಿ, ಇಂಚು ಹೇಳಿದೆ.
"ಅದಲ್ರಿ. ನಿಮ್ಮೊಳಗ ಎಲ್ಲಾರಕಿಂತ ದಪ್ಪ ಯಾರು?"

ಎಲ್ಲರೂ ಬೇರೆಲ್ಲೋ ನೋಡಿದೆವು.
ಹಾಗೆ ನೋಡಿದ್ದರಲ್ಲೇ ಅವಳಿಗೆ ಗೊತ್ತಾಯಿತು.
ಕೈಯ ಹಾಳೆ ಮಡಿಸಿ ಮುಗಿಸಿ,
ಉಗುರಿನಿಂದ ಗೆರೆ ತೀಡಿ,
ವತ್ಸಲಾ ಮಾವಶಿ ಎದ್ದಳು.
"ಸೀರೆ ಸಮೇತ ಅಳೆಯಿರಿ.
ಹೊಗೆ ಬಂದ ದಿನ ಸೀರೆ ಬಿಚ್ಚಿಟ್ಟು ಓಡಲಾರೆ."
ನಸೀಮಾ ಹೊಲಿಗೆಯ ದಾರ ಹಿಡಿದಳು, ಎರಡು ಗಂಟು ಹಾಕಿದಳು.
ಮಲಕಪ್ಪ ಗಂಟಿನಾಚೆ ನಾಲ್ಕು ಬೆರಳು ಕೂಡಿಸಿದ:
"ಇದು ಉಸರಿಗೆ."

ಒಂಬತ್ತು ದಿನ ಅನ್ನದಲ್ಲೂ ಇಟ್ಟಿಗೆಯ ಪುಡಿ.
ಹತ್ತನೆಯ ಬೆಳಿಗ್ಗೆ, ಹತ್ತೂವರೆಗೆ,
ಬಿಸಿಲು ಚಪ್ಪಲಿ ಬಿಡದೆ ಒಳಗೆ ಬಂದು
ಕತ್ತರಿಸುವ ಮೇಜಿನ ಮೇಲೇ ಕೂತಿತು.
ಬಿಳಿಯೆಂದು ಮಾರಿದ ಹಾಳೆಯೆಲ್ಲ ತುಸು ಹಳದಿ.
ಮೂಲೆಯಿಂದ ಮೂಲೆಗೆ ಇಲಿಗಳ ಹೆದ್ದಾರಿ.
ಪೋಪಟನ ಕಿವಿಯ ಮೇಲೆ ನರೆ.
"ಇದು ಯಾವಾಗ?" ಅಂದೆ.
"ಬಹಳ ದಿನವಾಯಿತು ವಹಿನಿ."
ನಸೀಮಾ ಒಂದೇ ಸಲಕ್ಕೆ ಸೂಜಿ ಪೋಣಿಸಿ
ಸೂಜಿಯನ್ನೇ ನೋಡುತ್ತ ಕೂತಳು.
ಹನ್ನೊಂದೂಕಾಲಿಗೆ ಬಿಸಿಲು ಎದ್ದು ಹೋಯಿತು.
ಅತ್ತೆ ಮೆಲ್ಲಗೆ ಮೆಟ್ಟಿಲಿಳಿದು ಬಂದು
ಚಿಲಕ ಎರಡು ಸಲ ಎಳೆದು ನೋಡಿದರು,
ಏನೂ ಅನ್ನಲಿಲ್ಲ.

ಶನಿವಾರ ದಾಟಿ ನೋಡುವುದೆಂದಾಯಿತು.
"ನಾನು ದಾಟಿದರೆ ಎಲ್ಲರೂ ದಾಟುತ್ತೀರಿ,"
ಮಾವಶಿ ಕಚ್ಚೆ ಬಿಗಿದು ಕಬ್ಬಿಣದ ಏಣಿ ಹತ್ತಿದಳು.
ನಡುವೆ ಒಮ್ಮೆ ನಿಂತಳು.
ಆ ನಾಲ್ಕು ಬೆರಳೂ ಖರ್ಚಾದವು.
ಆಮೇಲೆ ಪಾದ, ಕಾಲುಂಗುರ, ಆಕಾಶ.

ಕರೆದೆವು. ಓಗೊಡಲಿಲ್ಲ.
ಪೋಪಟ ತಲೆ ಹಾಕಿ ನೋಡಿದ: ಸ್ಕೂಟರು, ಬೆಕ್ಕು.
ಐದು ನಿಮಿಷಕ್ಕೆ ಹಳೆಯ ಹನ್ನೊಂದು ಮೆಟ್ಟಿಲಿಳಿದು ಬಂದಳು,
ಸೆರಗಿಗೆ ಸುಣ್ಣ, ಕಂಕುಳಲ್ಲಿ ಮೆಂತ್ಯ:
"ಗಾಡಿ ನಿಂತಿತ್ತು. ಇಪ್ಪತ್ತಕ್ಕೆ ಎರಡು ಕಟ್ಟು."
ಕೂತು, ಹಾಳೆ ತೆಗೆದುಕೊಂಡಳು.