ಗ್ಯಾಸಿನ ರಸೀತಿ ಹಿಂದ

ಕಲಬುರ್ಗಿ ಸೂಪರ್ ಮಾರ್ಕೆಟ್ಟಿನ್ಯಾಗ ಒಂದು ಗಾಜಿನ ಕಪಾಟು,
ಒಳಗ ದೀಪ ಹಚ್ಚಿ, ಬಂಗಾರ ಇಟ್ಟಾಂಗ ಇಟ್ಟಿದ್ರು ಅದನ್ನ.
ಮೈಮ್ಯಾಲ ಚೀಟಿ: ಜೋಳದ ಬ್ರೆಡ್. ಇನ್ನೂರಾ ನಲವತ್ತು.
ನಾ ನಕ್ಕೆ. ಅಂಗಡಿ ಹುಡುಗ ನಗಲಿಲ್ಲ.
'ಹೆಲ್ತಿಗೆ ಛಲೋರಿ ಅಮ್ಮಾ, ಮೈದಾ ಇಲ್ಲ' ಅಂದ.
ನಮ್ಮ ಜ್ವಾಳ ಯಾವಾಗ ಊರು ಬಿಟ್ಟಿತ್ತೋ,
ಯಾವಾಗ ಕೋಟು ಹಾಕ್ಕೊಂಡು ತಿರುಗಿ ಬಂತೋ,
ಗುರ್ತು ಹಿಡಿಲಿಕ್ಕೆ ಚೀಟಿ ಓದಬೇಕಾತು.

ನಾವು ಸಣ್ಣವರಿದ್ದಾಗ ಡಬಲ್ ರೊಟ್ಟಿ ಅಂದ್ರ ಜ್ವರ.
ಜ್ವರ ಬಂದವರ ತಲಿದಿಂಬಿನ ಬಾಜೂಕ
ಹಾಲು, ಡಬಲ್ ರೊಟ್ಟಿ, ಮತ್ತ ಉಳಿದವರ ಹೊಟ್ಟಿಕಿಚ್ಚು.
ನನ್ನ ತಮ್ಮ ಅಂಬಾರಾಯ ಬಗಲಾಗ ಉಳ್ಳಾಗಡ್ಡಿ ಇಟ್ಕೊಂಡು
ರಾತ್ರಿಯೆಲ್ಲಾ ಜ್ವರದ ದಾರಿ ಕಾದಿದ್ದ ಒಮ್ಮೆ,
ಆ ಒಂದು ತುಣುಕಿಗೆ.

ಹೆಸರು ಹಿಡದೇ ಹೇಳ್ತೀನಿ ಈಗ: ಸಾಯಿಬಣ್ಣನ ಹಲ್ಲು ಹೋಗ್ಯಾವ.
ಶಹಾಬಾದಿನ ಫರಸಿ ಕೊರದು ಕೊರದು
ಕಲ್ಲಿನ ಪುಡಿ ತಿಂದ ಬಾಯಿ ಅದು.
ಖಡಕ್ ರೊಟ್ಟಿ ಮುರದ್ರ ಸಪ್ಪಳಕ್ಕ ಖುಷಿ ಪಡ್ತಾನ,
ತಿನ್ನಾಂಗಿಲ್ಲ. ಮೆತ್ತಗಿಂದು ಬೇಕು.
ಸಕ್ರಿ ಬ್ಯಾನಿ, ಮೈದಾ ಬ್ಯಾಡ ಅಂದಾರ ಡಾಕ್ಟರು.
ಇನ್ನೂರಾ ನಲವತ್ತಕ್ಕ ನಾಕು ಕಿಲೋ ಬಿಳಿಜ್ವಾಳ ಬರ್ತದ,
ಮನ್ಯಾಗೇ ಸುಡ್ತೀನಿ ಅಂತ ಶಹಾಬಾದ್ ಬಸ್ ಹತ್ತಿದೆ.

ಓಣ್ಯಾಗ ಮಹಬೂಬಿ ಮಗಳ ಓವನ್ ಇತ್ತು,
ಲಗ್ನದಾಗ ಬಂದ ಆಯೇರಿ, ಡಬ್ಬಿ ಸೈತ ಬಿಚ್ಚಿರಲಿಲ್ಲ.
ಈಸ್ಟು ಆಕಿನೇ ಕೊಟ್ಟಳು. 'ನೀರು
ಕೂಸಿಗೆ ಎರೆಯೋವಷ್ಟೇ ಬಿಸಿ ಇರಲಿ' ಅಂದಳು.

ಜ್ವಾಳಕ್ಕ ಜಿಗಿ ಇಲ್ಲ.
ಇದು ನಲವತ್ತು ವರ್ಷದಿಂದ ನನ್ನ ಅಂಗೈಗೆ ಗೊತ್ತು.
ಕುದಿನೀರು ಹೊಯ್ದು, ಬೈದು, ಮುದ್ದು ಮಾಡಿ ನಾದಿದ್ರ
ತೆಳ್ಳಗ ಹೋಗು ಅಂದಷ್ಟು ಹೋಗ್ತದ,
ಮ್ಯಾಲ ಏಳು ಅಂದ್ರ ಏಳಾಂಗಿಲ್ಲ.
ಅರ್ಧ ಗೋಧಿ ಕೂಡಿಸಿದೆ. ಅರಿವಿ ಮುಚ್ಚಿ ಕುಂತೆ.
'ಉಬ್ಬಲಕತ್ತದೇನು?' ಅಂದ ಸಾಯಿಬಣ್ಣ.
'ನೀ ಮಾತಾಡಬ್ಯಾಡ, ಅಂಜ್ತದ.'

ಕೆಳಗ ಕಲ್ಲಿಟ್ರ ತಳ ಛಂದ ಸುಡ್ತದಂತ
ಹಿತ್ತಲದಾಗಿನ ಫರಸಿ ತುಂಡು ತಂದವನು ಅವನೇ,
ತಾನೇ ಕೊರದದ್ದು, ಮೂಲಿ ಉಜ್ಜಿದ್ದು.
ಇಪ್ಪತ್ತು ನಿಮಿಷಕ್ಕ
ಢಮ್!
ಫರಸಿ ಎರಡು ಹೋಳು.
ನನ್ನ ಬ್ರೆಡ್ಡು ಸೊಂಟ ಉಳುಕಿದವರಾಂಗ
ಒಂದು ಕಡಿ ವಾಲಿ ಕುಂತಿತ್ತು.
ಮಹಬೂಬಿ ಬಾಯಿಗೆ ಸೆರಗು ಹಿಡದು ನಕ್ಕಳು, ಆಮ್ಯಾಲ ನಾವೆಲ್ಲಾ.

ಸಂಜೀಕ ಗ್ಯಾಸಿನ ರಸೀತಿ ಹಿಂದ ಲೆಕ್ಕ ಬರದೆ.
ಹಿಟ್ಟು ಮೂವತ್ತೆರಡು.
ಈಸ್ಟು ಹದಿನೆಂಟು, ಆಕಿ ಬ್ಯಾಡಂದ್ರೂ. ಕರೆಂಟು ನಲವತ್ತು ಹಿಡಿ.
ಸುಟ್ಟ ಮುಂಗೈಗೆ ಮುಲಾಮು ಅರವತ್ತೈದು.
ಫರಸಿ ಫುಕಟ್.
'ಅಂಗಡಿಕಿಂತ ಸಸ್ತಾನೇ ಆತಲ್ಲ' ಅಂದ.
'ಒಂದು ಸಾಲು ಬಿಟ್ಟದ.'
'ಯಾವ್ದು?'
'ಕೈಗೂಲಿ.'
'ಮನಿ ಕೈಗೆ ಎಂಥಾ ಕೂಲಿ' ಅನ್ನಲಿಕ್ಕೆ ಹೋದವ
ನಡುವೇ ನಿಂತು ತನ್ನ ಕೈ ನೋಡ್ಕೊಂಡ.
ಆ ಕೈಗೆ ಫೂಟಿನ ಲೆಕ್ಕ ಇತ್ತು,
ಹಬ್ಬದ ದಿನ ಕೊರದ್ರ ಒಂದೂವರಿ ಪಟ್ಟು.

ದಿನಕ್ಕ ಹದಿನಾಕು ರೊಟ್ಟಿ.
ಬಾಣಂತನದ ದಿನ ಕಳಿ. ತವರಿಗೆ ಹೋದ ದಿನ ಕಳಿ,
ಬ್ಯಾಡ, ಅಲ್ಲೂ ಬಡದೀನಿ.
ಖಾನಾವಳಿ ರೇಟು ಒಂದಕ್ಕ ಹನ್ನೆರಡು...
ರಸೀತಿ ಸಣ್ಣದಿತ್ತು.

ರಾತ್ರಿ ಚಹಾದಾಗ ಅದ್ದಿ ತಿಂದ. ಎರಡು ತುಂಡು. ಮೂರು.
ತಳ ಕರ್ರಗ, ನಡುವ ಜರಾ ಹಸಿ.
ನಾನೂ ತಿಂದೆ. ಜ್ವಾಳದ ರುಚಿ
ಆಚೀ ಓಣ್ಯಾಗಿಂದ ಯಾರೋ ಹೆಸರು ಕೂಗಿಧಾಂಗ.
'ನಾಳಿಗೂ ಮಾಡ್ತಿಯೇನು?' ಅಂದ.

'ಹಿಟ್ಟು ಡಬ್ಬ್ಯಾಗ ಅದ' ಅಂದೆ.
'ನೀರು ಕೂಸಿಗೆ ಎರೆಯೋವಷ್ಟೇ ಬಿಸಿ ಇರಲಿ.'