ಹೆಬ್ಬೇವಿನ ಗೇಟಿಗೆ ಒಂದು ಟಿಕೆಟ್

ದ್ರಾಕ್ಷಿತೋಟಕ್ಕೆ ಬಸ್ಸಿಲ್ಲ ಎಂದರು ಎಲ್ಲರೂ.
ಕಾರು ಮಾಡಿಕೊಂಡು ಹೋಗಿ ಮೇಡಂ, ಆರಾಮ.
ನಾನು ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ
ಪಾಂಡವಪುರದ ಕೆಂಪು ಬಸ್ಸು ಹತ್ತಿ
ಕಿಟಕಿ ಪಕ್ಕ ಕೂತೆ.

ಮೂವತ್ತೊಂದು ವರ್ಷ ಅಬಕಾರಿ ಕಚೇರಿಯಲ್ಲಿ
ವೈನನ್ನು ಲೀಟರಿನಲ್ಲಿ ಬಲ್ಲೆ,
ಸುಂಕದಲ್ಲಿ ಬಲ್ಲೆ, ಒಡೆದ ಬಾಟಲಿಗಳ
ಮಹಜರಿನಲ್ಲಿ ಬಲ್ಲೆ.
ಬಳ್ಳಿಯನ್ನು ಕಂಡವಳಲ್ಲ.
ನಾಲಿಗೆಯ ಮಾತು ಬಿಡಿ,
ಅದೂ ಆಗ ಸರ್ಕಾರಿ ನೌಕರಿಯಲ್ಲೇ ಇತ್ತು.

ಎಲ್ಲಿಗೆ? ಎಂದ ಕಂಡಕ್ಟರ್.
ಹೆಬ್ಬೇವಿನ ಗೇಟ್.
ಅಲ್ಲಿ ಸ್ಟಾಪಿಲ್ಲ ಕಣಮ್ಮ, ಪಾಂಡವಪುರದಲ್ಲಿಳಿದು
ಯಾರನ್ನಾದ್ರೂ ಕೇಳ್ಕೊಳಿ, ಎಂದು
ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ.
ಸೊನ್ನೆಯಲ್ಲಿ ಇಷ್ಟು ದೂರ ಹೋಗಬಹುದೆಂದು
ನನ್ನ ಯಾವ ಲೆಡ್ಜರೂ ಹೇಳಿರಲಿಲ್ಲ.

ಶ್ರೀರಂಗಪಟ್ಟಣದ ಸೇತುವೆ ಮೇಲೆ
ಮೂವರು ಕೈಮುಗಿದರು. ಒಬ್ಬ ನಾಣ್ಯ ಎಸೆದ,
ಅದು ಕಿಟಕಿಯ ಸರಳಿಗೆ ಬಡಿದು
ಮತ್ತೆ ಬಸ್ಸಿನೊಳಕ್ಕೇ ಬಿತ್ತು.
ಆಮೇಲೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ
ಹದಿನೈದು ನಿಮಿಷ, ಹಿಂದಿಕ್ಕಲು ಜಾಗವಿಲ್ಲದೆ.

ಪಕ್ಕದವಳ ಮಡಿಲಲ್ಲಿ ಮೋಟಾರಿನ ಸ್ಟಾರ್ಟರ್,
ಟವೆಲಿನಲ್ಲಿ ಸುತ್ತಿ, ಮೂತಿಯಷ್ಟೇ ಹೊರಗೆ.
ತೋಟದ್ದು, ರಿಪೇರಿಗೆ ಕಳ್ಸಿದ್ರು. ಹೆಸರು ಜವರಮ್ಮ.
ಗೇಟ್‌ಗಾ? ನಾನೂ ಅಲ್ಲಿಗೇ ಕನವ್ವ,
ಗೊಂಚ್ಲು ಕುಯ್ಯೋ ಕೆಲ್ಸ. ನೀವು?
ಕುಡಿಯೋಕೆ ಎನ್ನಲು ಬಾಯಿ ಬರಲಿಲ್ಲ.
ನೋಡೋಕೆ ಅಂದೆ.

ಎರಡನೆಯ ಬಸ್ಸು ಬೇವಿನ ಮರದ ಬುಡದಲ್ಲಿ ನಿಂತಿತು,
ನನಗಲ್ಲ, ಸ್ಟಾರ್ಟರಿನ ಭಾರಕ್ಕೆ.
ನಾಲೆಯ ಏರಿ ಮೇಲೆ ಅರ್ಧ ಗಂಟೆ ನಡೆದೆವು,
ಒಂದೊಂದು ತುದಿ ಹಿಡಿದು.

ಕಾರೆಲ್ಲಿ ಮೇಡಂ? ಕಾವಲಿನವನು
ರಿಜಿಸ್ಟರು ಮುಂದಿಟ್ಟ: ಹೆಸರು, ಫೋನು, ವಾಹನ ಸಂಖ್ಯೆ.
ಖಾಲಿ ಕಲಮನ್ನು ಒಪ್ಪಿದವಳಲ್ಲ ನಾನು ಎಂದಿಗೂ.
ಚೀಟಿ ತೆಗೆದು
ಅದರಲ್ಲಿದ್ದ ನಂಬರನ್ನು ದುಂಡಗೆ ಬರೆದೆ.

ಒಳಗೆ ಕಾರಿನಲ್ಲಿ ಬಂದವರು
ಜೋಡಿಯಲ್ಲೊಬ್ಬರು ಬೀಗದ ಕೈ ಹಿಡಿದು
ನೀರು ಕುಡಿಯುತ್ತಿದ್ದರು.
ನನ್ನ ಡ್ರೈವರು ಆಗಲೇ ಕೆ.ಆರ್. ಪೇಟೆ ತಲುಪಿದ್ದ.
ಗ್ಲಾಸಿನ ತಳದಲ್ಲಿ ಎರಡು ಚಮಚದಷ್ಟು ಕೊಟ್ಟರು.
ನೇರಳೆ ಹಣ್ಣು ತಿಂದಾಗ ಆಗುವ ಹಾಗೆ
ನಾಲಿಗೆ ದಪ್ಪವಾಯಿತು.
ಸಿಹಿ ಎಂದುಕೊಂಡೇ
ಅಷ್ಟು ವರ್ಷ ಮೊಹರು ಒತ್ತಿದ್ದೆನಲ್ಲ.

ಸಂಜೆ ಅದೇ ಬೇವು. ಜವರಮ್ಮನ ಬೆರಳೆಲ್ಲ
ಶಾಯಿ ಚೆಲ್ಲಿದ ಗುಮಾಸ್ತನ ಬೆರಳು.
ಎಂಗಿತ್ತವ್ವ?
ಒಗರು.
ಹಣ್ಣು ಒಗರಲ್ಲ ಕನವ್ವ, ಸಕ್ರೆ,
ಎಂದು ಡಬ್ಬಿಯಿಂದ ಪುಟ್ಟ ಗೊಂಚಲು ತೆಗೆದಳು,
ಬೀಜವೇ ಜಾಸ್ತಿ ಅಷ್ಟೆ.

ಪಾಂಡವಪುರದ ತನಕ, ಸ್ಟಾಪಿಲ್ಲದ ದಾರಿಗೆ,
ಕಿಟಕಿಯಿಂದಾಚೆ ಬೀಜ ಉಗುಳುತ್ತ ಬಂದೆವು
ಇಬ್ಬರು ಹೆಂಗಸರು, ಎರಡು ಸೊನ್ನೆಗಳು.
ಒಂದು ಬೀಜವನ್ನು ಮಾತ್ರ
ನಾನು ಅಪ್ಪಿತಪ್ಪಿ ನುಂಗಿದೆ.